ಮೂರು ಗೆರೆಗಳ ಹಿಂದಿನ ಫೋನ್ ನಂಬರು

ಎಲ್ಲ ರಂಪಕ್ಕೂ ಕಾರಣ ಒಂದು ಫೋನ್ ನಂಬರು. ಅದನ್ನು ವೆಬ್‌ಸೈಟಿನ ನೆತ್ತಿಯ ಮೇಲೆ ದಪ್ಪಗೆ ಹಾಕಬೇಕು ಎಂದು ವೇಯ್ನ್ ಹಾಪಲ ಹೇಳಿದ. ಮೂಲೆಯಲ್ಲಿ ಮೂರು ಸಣ್ಣ ಗೆರೆ ಎಳೆದು, ಒತ್ತಿದರೆ ಮಾತ್ರ ಕಾಣುವಂತೆ ಅದರ ಹಿಂದೆ ಅಡಗಿಸಬೇಕು ಎಂದು ಅವನ ಬಾಸ್ ಡರ್ಕ್ ಲುಂಡೀನ್ ಹೇಳಿದ. ಅಮೆರಿಕದ ಡುಲುತ್ ಊರಿನ ಆ ಪುಟ್ಟ ವೆಬ್ ಡಿಸೈನ್ ಆಫೀಸಿನಲ್ಲಿ ಬಾಸ್ ಹೇಳಿದ ಮೇಲೆ ಮಾತಿಲ್ಲ. ನಂಬರು ಗೆರೆಗಳ ಹಿಂದೆ ಹೋಯಿತು.

ನಂಬರು ಓಬರ್ಗ್ ಟೋಯಿಂಗ್ ಕಂಪನಿಯದು. ಹಿಮದಲ್ಲಿ ಹೂತುಹೋದ ಕಾರುಗಳನ್ನು ಲಾರಿ ಕಟ್ಟಿ ಎಳೆಯುವುದು ಅವರ ಕೆಲಸ. ಅವರ ಹಳೆಯ ಪುಟದಲ್ಲಿ ಹಳದಿ ನೆಲ, ಕೆಂಪು ಅಕ್ಷರ, ಕುಂಬಳಕಾಯಿಯಂಥ ನಂಬರು. ನೋಡಿದರೆ ಕಣ್ಣು ಉರಿಯುತ್ತಿತ್ತು, ಸುಳ್ಳಲ್ಲ. ಆದರೆ ಚಳಿಗೆ ಕೈ ಮರಗಟ್ಟಿದವನಿಗೂ ನಂಬರು ಥಟ್ಟನೆ ಸಿಗುತ್ತಿತ್ತು.

“ನೋಡಯ್ಯಾ ವೇಯ್ನ್, ಈ ವರ್ಷ ಎಲ್ಲಿ ನೋಡಿದ್ರೂ ಕಪ್ಪು ನೆಲ, ಬೂದಿ ಬಣ್ಣದ ಸಣಕಲು ಅಕ್ಷರ. ಇದೇ ಟ್ರೆಂಡು. ನಾವೊಬ್ರೇ ಹಳದಿ ಬಳ್ಕೊಂಡು ಕೂತ್ರೆ ನೋಡಿದೋರು ನಗ್ತಾರೆ,” ಎಂದ ಡರ್ಕ್.

“ಚರಂಡಿಗೆ ಕಾರು ಇಳಿಸ್ಕೊಂಡು ಕೂತೋನು ಟ್ರೆಂಡ್ ನೋಡ್ತಾನಾ, ನಂಬರ್ ಹುಡುಕ್ತಾನಾ?”

“ಇದೇ ನೋಡು, ನೀನು ಹಳೇ ಕಾಲದಲ್ಲೇ ನಿಂತ್ಬಿಟ್ಟಿದೀಯ. ಬೇರೆ ಗಿರಾಕಿಗಳೂ ಇದನ್ನೇ ಹೇಳಿದ್ರು. ಮಾರ್ಲಿಸ್ ಓಬರ್ಗ್ ನಾಳೆ ಪುಟ ಒಪ್ಪಲಿಲ್ಲ ಅಂದ್ರೆ, ನಾಡಿದ್ದಿನಿಂದ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ.”

ವೇಯ್ನ್ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಐವತ್ತು ದಾಟಿದವನನ್ನು ಈ ಕಸುಬಿನಲ್ಲಿ ಇನ್ಯಾರು ಕರೆದು ಕೂರಿಸುತ್ತಾರೆ? ಬಾಸು ಗದರಿದ್ದು ಕೇಳಿಸಿಕೊಂಡ ಮೇಲೆ ಉಳಿದವರಿಗೂ ನಾಲಿಗೆ ಬಂತು. “ಪುಟ ತೆಗೆದ್ರೆ ಲಾರಿ ಕತ್ತಲೆಯಿಂದ ನಿಧಾನಕ್ಕೆ ತೇಲ್ಕೊಂಡು ಬರ್ಲಿ ವೇಯ್ನ್, ಎಷ್ಟು ಚೆನ್ನಾಗಿರುತ್ತೆ!” ಎಂದಳು ಪಕ್ಕದ ಮೇಜಿನ ಬ್ರಿಟ್ಟಾ. “ಮೇಲಿಂದ ಹಿಮ ಉದುರ್ಲಿ,” ಎಂದ ಇನ್ನೊಬ್ಬ. ಕಿಟಕಿಯಾಚೆ ಉದುರುತ್ತಿದ್ದದ್ದು ಆ ಮಹಾಶಯನಿಗೆ ಸಾಲದಾಗಿತ್ತು. ವೇಯ್ನ್ ಎಲ್ಲವನ್ನೂ ತುಂಬಿದ. ಮರುದಿನ ಬೆಳಿಗ್ಗೆ ಹಳೆಯ ಪುಟ ಇಳಿಯಿತು, ಹೊಸದು ಏರಿತು. ಅದೇ ಹೊತ್ತಿಗೆ ಊರಂಚಿನ ಸರೋವರದ ಕಡೆಯಿಂದ ಹಿಮಗಾಳಿಯೂ ಎದ್ದಿತು.

ಡರ್ಕ್, ವೇಯ್ನ್ ಇಬ್ಬರೂ ಕಾರಿನಲ್ಲಿ ಜಾರುತ್ತ ತೇಲುತ್ತ ಓಬರ್ಗ್ ಕಂಪನಿಗೆ ಹೋಗಿ ಮುಟ್ಟಿದರು. ಒಡತಿ ಮಾರ್ಲಿಸ್‌ಗೆ ಎಪ್ಪತ್ತರ ವಯಸ್ಸು. ಮೂಲೆಯಲ್ಲಿ ಫೋನಿನ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

“ಬನ್ರಪ್ಪಾ, ಬೂಟು ಬಾಗಿಲಲ್ಲೇ ಬಿಡಿ. ಮೊದ್ಲು ಕಾಫಿ ಕುಡೀರಿ, ಈ ನಿಂಬೆ ಬಾರ್ ತಿಂಡೀನೂ ತಗೊಳ್ಳಿ. ನಿಜ ಹೇಳ್ಬೇಕಂದ್ರೆ ನಮ್ಮ ಪುಟ ಹೇಗಿತ್ತು ಅಂತಾನೇ ನಂಗೊತ್ತಿಲ್ಲ. ಫೋನ್ ಎತ್ತೋಳೇ ನಾನು, ನನ್ನ ನಂಬರು ನಾನ್ಯಾಕೆ ಹುಡುಕ್ಲಿ? ಈ ಕಂಪ್ಯೂಟರ್ ಏನಿದ್ರೂ ರಾತ್ರಿ ಪಾಳಿ ಡ್ರೈವರುಗಳದ್ದು.”

ಕನ್ನಡಕ ಏರಿಸಿಕೊಂಡು ಆಕೆ ಪುಟ ತೆರೆದಳು. ಪರದೆಯ ತುಂಬ ಹಳದಿ ರಾಚಿತು.

ಬಂದದ್ದು ಹಳೆಯ ಪುಟ; ಯಾಕೆಂದು ವೇಯ್ನ್‌ಗೆ ಕೂಡಲೇ ಗೊತ್ತಾಯಿತು. ಕಂಪ್ಯೂಟರಿಗೊಂದು ಚಾಳಿಯಿದೆ. ಒಮ್ಮೆ ತೋರಿಸಿದ ಪುಟವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು, ಮತ್ತೆ ಕೇಳಿದರೆ ಹೊಸದನ್ನು ತರುವ ಬದಲು ಆ ಹಳೆಯದನ್ನೇ ಮುಂದೆ ತಳ್ಳುತ್ತದೆ. ರಿಫ್ರೆಶ್ ಒತ್ತಿದರೆ ಹೊಸದು ಬರುತ್ತದೆ. ಒತ್ತಲು ಡರ್ಕ್ ಆಗಲೇ ಕೈ ಚಾಚಿದ್ದ.

“ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದೀರಪ್ಪಾ!” ಎಂದಳು ಮಾರ್ಲಿಸ್. “ನನ್ನಂಥ ಕಣ್ಣು ಮಂಜಾದೋಳಿಗೂ ನಂಬರು ಕಾಣುತ್ತೆ. ನಾನು ಭಯ ಬಿದ್ದಿದ್ದೆ, ನೀವೆಲ್ಲಿ ಕಪ್ಪು ಮಸಿ ಬಳಿದು ತಂದುಬಿಡ್ತೀರೋ ಅಂತ. ನನ್ನ ತಂಗಿ ಹೋಗೋ ಚರ್ಚಿನ ಪುಟ ಹಾಗೇ ಮಾಡಿಟ್ಟಿದಾರೆ, ಪ್ರಾರ್ಥನೆ ಎಷ್ಟು ಹೊತ್ತಿಗೆ ಅಂತ ದೇವರಿಗೂ ಗೊತ್ತಾಗಲ್ಲ.”

ಡರ್ಕ್ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತಂದು ತಲೆ ಕೆರೆದುಕೊಂಡ. ಮುಖ ಬಿಳಿಚಿತ್ತು. ಆದರೂ ನಾಲಿಗೆ ಕೈಕೊಡಲಿಲ್ಲ. “ಇದು… ತುಂಬಾ ಯೋಚನೆ ಮಾಡಿ ಆರಿಸಿದ ಹಳದಿ,” ಎಂದ.

ವೇಯ್ನ್‌ಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ನಿಂಬೆ ಬಾರು ಮುಗಿಯುವ ತನಕವೂ ಬಾಳಲಿಲ್ಲ.

“ಅದೇ ವಿಚಿತ್ರ ನೋಡಿ,” ಎಂದಳು ಮಾರ್ಲಿಸ್. “ಇಂಥಾ ಹಿಮ ಬಿದ್ದ ದಿನ ಊಟಕ್ಕೂ ಬಿಡುವಿರಲ್ಲ ನಂಗೆ. ಇವತ್ತು ಬೆಳಿಗ್ಗೆಯಿಂದ ಒಬ್ರೂ ಫೋನ್ ಮಾಡಿಲ್ಲ. ಲಾರಿಗಳೆಲ್ಲ ಸುಮ್ನೆ ನಿಂತಿವೆ.”

ಮೂಲೆಯ ಫೋನು ಸದ್ದಿಲ್ಲದೆ ಕೂತಿತ್ತು. ವೇಯ್ನ್ ಕೈಯಲ್ಲಿದ್ದ ನಿಂಬೆ ಬಾರನ್ನು ತಟ್ಟೆಗಿಟ್ಟ. ಊರ ರಸ್ತೆಗಳಲ್ಲಿ ಎಷ್ಟು ಜನ ಹಿಮದಲ್ಲಿ ಹೂತು ಕೂತು, ತಾನು ಮಾಡಿದ ಕಪ್ಪು ಪುಟವನ್ನು ತಡಕುತ್ತಿದ್ದಾರೋ! ಅಷ್ಟರಲ್ಲಿ ಅವನ ಜೇಬಿನ ಫೋನು ನಡುಗಿತು. ಹೆಂಡತಿ ಲೊರೀನ್.

“ಕಾರು ಚರಂಡಿಗೆ ಇಳೀತು ರೀ! ಹೀಟರೂ ನಿಂತುಹೋಗಿದೆ. ಓಬರ್ಗ್‌ನೋರ ಪುಟ ತೆಗೆದ್ರೆ ಫೋನಲ್ಲಿ ಲಾರಿ ಬರ್ತಾನೇ ಇದೆ, ಬರ್ತಾನೇ ಇದೆ, ನಂಬರು ಮಾತ್ರ ಬರ್ತಿಲ್ಲ. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?”

ಆ ಪುಣ್ಯಾತ್ಮನೇ ಅವಳು ಎಲ್ಲಿದ್ದಾಳೆಂದು ಕೇಳಿಕೊಂಡು, ಮಾರ್ಲಿಸ್‌ಗೆ ಹೇಳಿದ. ಆಕೆ ಆ ಕ್ಷಣವೇ ಲಾರಿ ಕಳಿಸಿದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿದಳು. “ಅಲ್ಲಪ್ಪಾ, ನಂಬರು ಇಷ್ಟು ದಪ್ಪಗಿದೆ, ನೇರ ನಂಗೇ ಯಾಕೆ ಮಾಡ್ಲಿಲ್ಲ ಅವಳು?”

ಡರ್ಕ್ ಮೇಜಿನ ಕೆಳಗೆ ವೇಯ್ನ್‌ನ ಕಾಲು ತುಳಿದ.

“ಅವಳಿಗೆ… ಏನಾದ್ರೂ ಮೊದ್ಲು ಗಂಡನ್ನ ಬಯ್ಯೋ ಅಭ್ಯಾಸ,” ಎಂದ ವೇಯ್ನ್. ಮಾರ್ಲಿಸ್ ನಕ್ಕಳು. ವೇಯ್ನ್ ನಗಲಿಲ್ಲ. ಲೊರೀನ್‌ಗಾದರೆ ಗಂಡನಿದ್ದಾನೆ, ಉಳಿದವರಿಗೆ ಯಾರಿದ್ದಾರೆ? ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾತ್‌ರೂಮಿಗೆಂದು ಎದ್ದುಹೋಗಿ ಬ್ರಿಟ್ಟಾಗೆ ಫೋನ್ ಮಾಡಿದ.

“ಓಬರ್ಗ್‌ನೋರ ಹಳೇ ಪುಟ ವಾಪಸ್ ಹಾಕು. ಈಗ್ಲೇ.”

“ಡರ್ಕ್ ಹೇಳ್ದೆ ನಾನು ಮುಟ್ಟಲ್ಲಪ್ಪಾ. ನಿಮ್ಮ ಜೊತೆ ನನ್ನ ಕೆಲ್ಸಾನೂ ಹೋಗ್ಲಿ ಅಂತೀರಾ?”

ವೇಯ್ನ್ ಬಾಗಿಲನ್ನು ಸ್ವಲ್ಪ ತೆರೆದು, ಫೋನನ್ನು ಸಂದಿಯಲ್ಲಿ ಹಿಡಿದ. ಆಚೆ ಕೋಣೆಯಲ್ಲಿ ಡರ್ಕ್ ಭಾಷಣದಲ್ಲಿ ಮುಳುಗಿದ್ದ: “ಹಳದಿ ಅಂದ್ರೆ ಭರವಸೆ ಮಾರ್ಲಿಸ್, ಕೆಂಪು ಅಂದ್ರೆ ಪ್ರಾಮಾಣಿಕತೆ. ನಂಬರು ಮುಚ್ಚಿಡೋದು ಅಂದ್ರೆ ಜನಕ್ಕೆ ಮೋಸ ಮಾಡಿದ ಹಾಗೆ!”

“ಅಯ್ಯಯ್ಯೋ,” ಎಂದಳು ಬ್ರಿಟ್ಟಾ. “ಹಾಕ್ತೀನಿ, ಹಾಕ್ತೀನಿ.”

ವೇಯ್ನ್ ಬಂದು ಕೂತು ಮೂಲೆಯ ಫೋನನ್ನೇ ನೋಡಿದ. ಮಾರ್ಲಿಸ್ ಒಂದು ಸಾಲು ಹೆಣೆದಳು. ಇನ್ನೊಂದು ಹೆಣೆದಳು. ಫೋನು ಟ್ರಿಣ್ ಎಂದಿತು. ಇಟ್ಟರೆ ಮತ್ತೆ ಟ್ರಿಣ್. ಮೀನು ಹಿಡಿಯಲು ಹೊರಟವನೊಬ್ಬ, ಇಬ್ಬರು ನರ್ಸುಗಳು, ಒಬ್ಬ ಪಾದ್ರಿ. ಲಾರಿಗಳು ಒಂದರ ಹಿಂದೊಂದು ಗೇಟು ದಾಟಿದವು. ಲೊರೀನ್‌ಳ ಕಾರನ್ನು ಮೇಲೆಳೆದು ಆಗಿದೆಯೆಂದೂ ಸುದ್ದಿ ಬಂತು.

“ನಿಮ್ಮ ಹೊಸ ಪುಟದ ಕಾಲ್ಗುಣ ಕಣ್ರಪ್ಪಾ ಇದು!” ಎಂದಳು ಮಾರ್ಲಿಸ್. “ಒಪ್ಪಿದೀನಿ. ಇನ್ನು ನನ್ನ ಜನ್ಮದಲ್ಲಿ ಇದನ್ನ ಬದಲಾಯಿಸ್ಬೇಡಿ.”

ವಾಪಸ್ ಬರುವಾಗ ವೇಯ್ನ್ ನಡೆದದ್ದನ್ನೆಲ್ಲ ಹೇಳಿದ. ಡರ್ಕ್ ಬಯ್ಯಲಿಲ್ಲ, ಹೊಗಳಲೂ ಇಲ್ಲ. ರಸ್ತೆ ನೋಡುತ್ತಲೇ ತಲೆಯಾಡಿಸಿದ. ಕೆಲಸ ಉಳಿಯಿತು, ಮಾತೂ ಗೆದ್ದಿತು ಎಂದುಕೊಂಡು ವೇಯ್ನ್ ಹಾಯಾಗಿ ಸೀಟಿಗೊರಗಿದ.

ಆಫೀಸಿಗೆ ಕಾಲಿಟ್ಟವನೇ ಡರ್ಕ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ. “ಕೇಳಿ. ಕಪ್ಪು, ಸಣಕಲು, ಎಲ್ಲಾ ಮುಗೀತು. ಇನ್ಮೇಲೆ ಹಳದಿ ನೆಲ, ಕೆಂಪು ಅಕ್ಷರ, ಮಿಣುಕೋ ನಂಬರು. ಬೇರೆಯವರಿಗೆ ಗೊತ್ತಾಗೋ ಮೊದ್ಲು ನಾವು ಶುರು ಮಾಡ್ಬೇಕು. ವೇಯ್ನ್, ಆ ಶವಸಂಸ್ಕಾರದ ಕಂಪನಿ ಪುಟ ಮೊದ್ಲು ತಗೋ.”

ಕೋಟು ಬಿಚ್ಚುತ್ತಿದ್ದ ವೇಯ್ನ್ ಗಕ್ಕನೆ ತಿರುಗಿದ. “ಡರ್ಕ್, ಅಲ್ಲಿಗೆ ಬರೋರು ಅಳ್ತಾ ಬರ್ತಾರೆ! ಅವರಿಗೆ ಕಪ್ಪು ನೆಲ, ಬೂದಿ ಬಣ್ಣದ ಸಣ್ಣ ಅಕ್ಷರ, ಎಲ್ಲಾ ನಿಧಾನಕ್ಕೆ…” ತನ್ನ ಮಾತು ತನಗೇ ಕೇಳಿಸಿ ಅವನು ನಿಲ್ಲಿಸಿದ.

ಡರ್ಕ್ ಕನಿಕರದಿಂದ ನೋಡಿದ. “ಅದು ಬೆಳಗಿನ ಫ್ಯಾಷನ್ ಕಣಯ್ಯಾ. ನೀನು ಯಾವತ್ತು ಕಾಲಕ್ಕೆ ತಕ್ಕ ಹಾಗೆ ಬದಲಾಗ್ತೀಯ? ಅವರು ನಾಳೆ ಬರ್ತಾರೆ. ಒಪ್ಪಲಿಲ್ಲ ಅಂದ್ರೆ ನಿನ್ನ ಕೆಲಸ ಉಳಿಸಕ್ಕೆ ನನ್ನ ಕೈಲಾಗಲ್ಲ.”

ವೇಯ್ನ್ ಕೂತು ಹಳದಿ ಬಳಿಯತೊಡಗಿದ. “ನಂಬರು ಜೋರಾಗಿ ಮಿಣುಕ್ಬೇಕಾ, ಮೆಲ್ಲಗಾದ್ರೆ ಸಾಕಾ?” ಎಂದು ಕೇಳಿದ.