ತಂಗಿಯ ಪಾಲಿನ ಬಂಗಡೆ

ಟಣ್! ಟಣ್! ಬೋರಲು ಹಾಕಿದ ಬಟ್ಟಲಿನ ಮೇಲೆ ಉಗುರಿನಿಂದ ಹೊಡೆದ ಸದ್ದು. ಕಾರವಾರದ ಹೋಟೆಲಿನವರೆಲ್ಲ ಒಂದು ಕಾಲದಲ್ಲಿ ದೆವ್ವಕ್ಕಿಂತ ಹೆಚ್ಚು ಹೆದರುತ್ತಿದ್ದುದು ಈ ಸದ್ದಿಗೆ. ಸ್ಯಾಂಪಲ್ ಮೇಲೆ ಬಟ್ಟಲು ಮುಚ್ಚಿ ಹೀಗೆ ಹೊಡೆಯುತ್ತಿದ್ದ ನನ್ನ ಅಣ್ಣ ಫುಡ್ ಇನ್‌ಸ್ಪೆಕ್ಟರ್ ಆಗಿದ್ದ. ‘ಆಗಿದ್ದ’ ಎಂಬುದು ಸರ್ಕಾರದ ಅಭಿಪ್ರಾಯ ಮಾತ್ರ! ರಿಟೈರ್ ಆದ ಸುದ್ದಿ ಅವನಿಗೆ ಕೊನೆಗೂ ಮುಟ್ಟಲಿಲ್ಲ.

ಅವನನ್ನು ಊಟಕ್ಕೆ ಕರೆಯುವವರ ಧೈರ್ಯವಾದರೂ ಎಂಥದು! ಬಿಣಗಾದ ಒಂದು ಮದುವೆಯಲ್ಲಿ ಅಕ್ಷತೆ ಹಾಕುವುದನ್ನು ಬಿಟ್ಟು ಸೀದಾ ಅಡುಗೆ ಚಪ್ಪರಕ್ಕೆ ನುಗ್ಗಿದ.

“ಈ ಸೋಲ್ಕಡಿಗೆ ಯಾವ ಕಲರ್ ಹಾಕಿದ್ರಿ?”

“ಕೋಕಮ್ ಹಣ್ಣಿನ ಬಣ್ಣ ಸಾಹೇಬ್ರೇ, ದೇವರೇ ಹಾಕಿದ್ದು!”

“ಹಾಗಾದ್ರೆ ದೇವರ ಲೈಸೆನ್ಸ್ ತೋರಿಸ್ರಿ!”

ಇಂಥವನನ್ನು ಯಾರು ಮದುವೆಯಾಗುತ್ತಾರೆ? ಹೆಣ್ಣು ನೋಡಲು ಹೋಗಿ ಉಪ್ಪಿಟ್ಟಿನ ಸ್ಯಾಂಪಲ್ ಕಟ್ಟಿಸಿಕೊಂಡು ಬಂದ ಮಹಾಶಯ! ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಕ್ಕಳಿಲ್ಲದ ನನಗೆ ಅವನು, ಅವನಿಗೆ ನಾನು. ಅಷ್ಟೇ ನಮ್ಮ ಸಂಸಾರ.

ಆಮೇಲೆ ಅವನು ಗ್ಯಾಸ್ ಹಚ್ಚಿಟ್ಟು ಮರೆಯತೊಡಗಿದ. ಡಾಕ್ಟರು ‘ಡಿಮೆನ್ಷಿಯಾ’ ಎಂದರು. ಕಾನ್ವೆಂಟಿನಲ್ಲಿ ಓದಿದ ನನಗೆ ಆ ಶಬ್ದದ ಸ್ಪೆಲ್ಲಿಂಗ್ ಬರುತ್ತಿತ್ತು. ಅರ್ಥ ಗೊತ್ತಾದದ್ದು ಒಂದು ಬೆಳಿಗ್ಗೆ ಅವನು ನನ್ನನ್ನು “ಅಕ್ಕೋರೆ” ಎಂದು ಕರೆದಾಗ. ನಮ್ಮಲ್ಲಿ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ನಾನು ಜನ್ಮದಲ್ಲಿ ಒಂದು ದಿನವೂ ಪಾಠ ಮಾಡಿದವಳಲ್ಲ!

ಅವರ್ಸಾದಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಮನೆಯಿತ್ತು. ಅಲ್ಲಿ ಸೇರಿಸಿದೆ. ಅಲ್ಲಿ ಅಣ್ಣನದು ಹೊಸ ಚಾಳಿ: ಊಟದಲ್ಲಿ ಬಂಗಡೆ ಮೀನು ಇದ್ದ ದಿನ ಒಂದನ್ನು ತಿನ್ನದೆ ಕಪಾಟಿಗೆ ಸಾಗಿಸುವುದು, ಮೇಲೆ ಬಟ್ಟಲು ಮುಚ್ಚಿ ಟಣ್ ಎನ್ನಿಸುವುದು. “ಸಾಹೇಬ್ರು ಸ್ಯಾಂಪಲ್ ತೆಗೆದಿಟ್ರು” ಎಂದು ನರ್ಸುಗಳು ನಗುತ್ತಿದ್ದರು. ನಾನೂ ನಕ್ಕೆ.

ಅಷ್ಟರಲ್ಲಿ ಸರ್ಕಾರದಿಂದ ಹೊಸ ರೂಲ್ಸ್ ಬಂತು. ಇಂಥ ಮನೆಗಳ ಬಾತ್‌ರೂಮಿಗೆ ಹಿಡಿಕೆ ಇರಬೇಕು, ಗೇಟಿಗೆ ಕಾವಲಿರಬೇಕು, ರೋಗಿಗಳ ಕೋಣೆಯಲ್ಲಿ ಹಳಸಿದ ಆಹಾರ ಇರಕೂಡದು. ಪಾಸಾಗದಿದ್ದರೆ ಬಾಗಿಲು ಬಂದ್. ಬಂದಾದರೆ ಅಣ್ಣನನ್ನು ಮಂಗಳೂರಿಗೆ ಸಾಗಿಸಬೇಕು. ಅವರ್ಸಾದ ಬಸ್ಸನ್ನೇ ಏದುಸಿರು ಬಿಟ್ಟು ಹತ್ತುವ ನನ್ನ ಮೊಣಕಾಲು ಮಂಗಳೂರು ಕಂಡೀತೆ?

ತಪಾಸಣೆಯ ದಿನ ರೋಗಿಗಳ ಮನೆಯವರೂ ಬರಬೇಕೆಂದಿದ್ದರು. ನಾನು ಹೋಗುವಷ್ಟರಲ್ಲಿ ಒಬ್ಬರು ಮೇಡಮ್ಮು, ಅವರ ಹಿಂದೆ ಇಬ್ಬರು ಅಧಿಕಾರಿಗಳು. ಎಲ್ಲರಿಗಿಂತ ಮುಂದೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನನ್ನ ಅಣ್ಣ! ಜಿಲ್ಲೆಯಿಂದ ಬಂದ ಹಿರಿಯ ಆಫೀಸರ್ ಎಂದುಕೊಂಡು ಅವರೆಲ್ಲ ವಿನಯದಿಂದ ಅವನ ಹಿಂದೆ ನಡೆದಿದ್ದರು. ಅಡುಗೆಮನೆಯಲ್ಲಿ ಅವನು “ಹೆಸರುಬೇಳೆ ಒಳ್ಳೇದಿದೆ, ಬರ್ಕೊಳ್ಳಿ” ಎಂದರೆ ಅವರು ಬರೆದುಕೊಂಡರು!

ಮುಂದಿನದು ಅವನದೇ ಕೋಣೆ. ತಪಾಸಣೆಯ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದ ಕಪಾಟು ತೆಗೆದ. ಗಬ್ಬೆಂದು ವಾಸನೆ!

“ಥೂ! ಯಾರ್ ರೂಮಿದು? ಮೀನು ಕೊಳೀತಾ ಇದೆ! ಮೇಡಂ, ಲೈಸೆನ್ಸ್ ಕ್ಯಾನ್ಸಲ್ ಮಾಡಿ, ಈಗಿಂದೀಗ್ಲೇ!”

ತನ್ನ ಮನೆಗೆ ತಾನೇ ಬೀಗ ಹಾಕಿಸಿದ ಇನ್‌ಸ್ಪೆಕ್ಟರ್ ಇನ್ನೊಬ್ಬನಿದ್ದಾನೆಯೆ? ನನಗೆ ನಗು ಬರಲಿಲ್ಲ. ಮಂಗಳೂರಿನ ರಸ್ತೆ ಕಣ್ಣೆದುರು ಉದ್ದಕ್ಕೆ ಬಿದ್ದುಕೊಂಡಿತು. ನರ್ಸು ಮೇಡಮ್ಮಿನ ಕಿವಿಯಲ್ಲಿ ನಿಜ ಹೇಳಿದಳು. ಮೇಡಮ್ಮು ಅವನತ್ತ ತಿರುಗಿ ಮೆಲ್ಲಗೆ ಕೇಳಿದರು: “ಸರ್, ಇದನ್ನ ಎಂತಕ್ಕೆ ಇಟ್ಟಿರಬಹುದು?”

ಅಣ್ಣ ಬಟ್ಟಲನ್ನೇ ನೋಡಿದ. ಸಾಹೇಬನ ದನಿ ಇಳಿದು ಹುಡುಗನದಾಯಿತು. “ಅದು... ತಂಗಿ ಪಾಲು. ಕಾರವಾರದ ಕಾನ್ವೆಂಟಿಗೆ ಹೋಗ್ತದೆ ಅದು. ಬರೂವಾಗ ಕತ್ತಲಾಗ್ತದೆ. ತೆಗೆದಿಡದಿದ್ರೆ ಚಿಕ್ಕಪ್ಪನ ಗಂಡುಮಕ್ಳು ಖಾಲಿ ಮಾಡ್ತ್ರು.”

ನಮ್ಮ ತವರುಮನೆ ಇದ್ದದ್ದು ಅವರ್ಸಾದಲ್ಲೇ. ಬಸ್ಸಿಳಿದು ಬಂದು ನಾನು ಚೀಲ ಇಳಿಸುವ ಮುಂಚೆ ಒಲೆಯ ಪಕ್ಕದಿಂದ ಕೇಳುತ್ತಿತ್ತು, ಟಣ್! ನಿನ್ನದು ಇಲ್ಲಿದೆ, ಬಾ ಎಂದು.

ಮೇಡಮ್ಮು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಮ್ಯಾನೇಜರಿಗೆ ಹೇಳಿದರು: “ಮೀನು ಇವತ್ತೇ ತೆಗೀರಿ. ಬಟ್ಟಲು ಇರ್ಲಿ. ಖಾಲಿ ಬಟ್ಟಲು ಮುಚ್ಚಿಡಬಾರದು ಅಂತ ಯಾವ ರೂಲ್ಸಿನಲ್ಲೂ ಇಲ್ಲ.” ಮನೆ ಪಾಸಾಯಿತು.

ಅಂದಿನಿಂದ ಅವನು ಮೀನು ಇಟ್ಟ ಕೂಡಲೇ ನರ್ಸು ತೆಗೆಯುತ್ತಿದ್ದಳು. ಅವನು ಬಟ್ಟಲು ಕಾಯುತ್ತಿದ್ದ.

ಕೊನೆಯ ಸಲ ಹೋದಾಗ ಕಿಟಕಿಯ ಬಳಿ ಕುಳಿತಿದ್ದ, ಬಟ್ಟಲು ಮಡಿಲಲ್ಲಿ. ತೆಳ್ಳಗಾಗಿದ್ದ. ನನಗೆ ಏನು ಬುದ್ಧಿಯೋ, ಅದರತ್ತ ಕೈ ಚಾಚಿದೆ.

“ಮುಟ್ಟಬೇಡಿ ಅಕ್ಕೋರೆ,” ಎಂದ, “ಅದು ತಂಗಿಗೆ.” ಒರಟಾಗಿ ಹೇಳಿದೆನೇನೋ ಎಂದು ಅವನಿಗೇ ಅನ್ನಿಸಿತೋ ಏನೋ, ಮೆತ್ತಗಾದ. “ನಿಮ್ ಶಾಲೆ ಬಿಟ್ಟಾಯ್ತಲ್ಲ? ತಂಗಿ ಬಸ್ಸು ಹತ್ತಿತಾ?”

“ಹತ್ತಿದಾಳೆ,” ಎಂದೆ. “ಕಿಟಕಿ ಪಕ್ಕ ಸೀಟೂ ಸಿಕ್ಕಿದೆ.”

ಅವನ ಮುಖ ಅರಳಿತು. ಉಗುರಿನಿಂದ ಹೊಡೆದ, ಟಣ್.