ಹಂಸ ಮತ್ತು ಡಬ್ಬಾ

ಡ್ರಾಯಿಂಗ್ ಮೇಷ್ಟ್ರ ಕಾರಿನ ಬಾಗಿಲಿನ ಹಿಡಿ ಶನಿವಾರ ಬೆಳಿಗ್ಗೆ ಅವರ ಹೆಂಡತಿಯ ಕೈಗೇ ಬಂದುಬಿಟ್ಟಿತು. ಅವರು ಅದನ್ನು ತಂದು, ಮೇಷ್ಟ್ರು ಓದುತ್ತಿದ್ದ ಪತ್ರಿಕೆಯ ಮೇಲಿಟ್ಟು, "ಇವತ್ತು ಹೊಸ ಕಾರು ನೋಡೋಕೆ ಹೋಗ್ತೀವಿ," ಎಂದರು. ದನಿ ಏರಿಸಲಿಲ್ಲ. ಅದರಿಂದಲೇ ವಿಷಯ ಕೈಮೀರಿದೆ ಎಂದು ಮೇಷ್ಟ್ರಿಗೆ ಗೊತ್ತಾಯಿತು.

ಕಾರಿಗೆ ಇಪ್ಪತ್ತನಾಲ್ಕು ವರ್ಷ. ಆಗ ಸಾಮಾನ್ಯ ಸಂಬಳದವರ ಕೈಗೆಟುಕುವ ಸೆಡಾನ್ ಅಂತ ಇದ್ದದ್ದು ಎರಡೇ. ಒಂದರ ಬೆನ್ನು ಹಂಸದ ಕತ್ತಿನ ಹಾಗೆ ಬಳುಕಿ ಇಳಿಯುತ್ತಿತ್ತು. ಮೇಷ್ಟ್ರು ಆ ಗೆರೆಗೆ ಸೋತು ಅದನ್ನೇ ಕೊಂಡರು. ಏಳನೇ ತರಗತಿಯವರಿಗೆ ಬೋರ್ಡಿನ ಮೇಲೆ ಅದನ್ನೇ ಬರೆದು ತೋರಿಸಿದರು. ಇನ್ನೊಂದನ್ನು ಅದೇ ತಿಂಗಳು ಅವರ ಭಾವಮೈದುನ ಕೊಂಡ. ಬಿಸ್ಕತ್ತಿನ ಡಬ್ಬಕ್ಕೆ ನಾಲ್ಕು ಚಕ್ರ ಕಟ್ಟಿದಂತಿತ್ತು ಅದು. ಮೇಷ್ಟ್ರು ಡಬ್ಬಾ ಎಂದು ಹೆಸರಿಟ್ಟರು.

"ನಿಮ್ಮದು ಅಂದ, ನನ್ನದು ಗಟ್ಟಿ, ಭಾವ," ಎನ್ನುತ್ತಿದ್ದ ಅವನು.

"ಗಟ್ಟಿ ಬೇಕಾದ್ರೆ ಒರಳುಕಲ್ಲು ಕೊಳ್ಳಬಹುದಿತ್ತಲ್ಲಯ್ಯಾ," ಎನ್ನುತ್ತಿದ್ದರು ಮೇಷ್ಟ್ರು. ಇಬ್ಬರ ತಲೆಯೂ ನರೆಯಿತು. ಈ ಮಾತು ಮಾತ್ರ ನರೆಯಲಿಲ್ಲ.

ಹೊಸ ಕಾರಿನ ಸುದ್ದಿ ಮೆಟ್ಟಿಲಿಳಿದು ಹೋಗಲು ಐದು ನಿಮಿಷ ಸಾಕಾಯಿತು. ಕೆಳಗಿನ ಮನೆಯ ನಿವೃತ್ತ ಎಂಜಿನಿಯರು ಅಳತೆ ಟೇಪು ಹಿಡಿದೇ ಹೊರಟು ನಿಂತಿದ್ದರು. ಅಕ್ಕನ ಫೋನು ಹೋದದ್ದೇ ಭಾವಮೈದುನನೂ ಡಬ್ಬಾ ಹತ್ತಿ ಬಂದ. ಮುಂದೆ ಹಂಸ, ಹಿಂದೆ ಡಬ್ಬಾ, ಮೆರವಣಿಗೆ ಹೊರಟಿತು.

ಈ ಕಾಲದ ಎರಡು ಎದುರಾಳಿ ಸೆಡಾನುಗಳ ಷೋರೂಮುಗಳೂ ಒಂದೇ ರಸ್ತೆಯಲ್ಲಿ, ಜಗಳವಾಡಿದ ಅಣ್ಣತಮ್ಮಂದಿರ ಮನೆಗಳ ಹಾಗೆ ಎದುರುಬದುರು ಇದ್ದವು. ಮೊದಲನೆಯದಕ್ಕೆ ಹೋದರು. ಮೇಷ್ಟ್ರು ಕಾರಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಇದಕ್ಕೆ ಯಾಕಿಷ್ಟು ಸಿಟ್ಟು?" ಎಂದು ಕೇಳಿದರು.

"ಈಗಿನ ಸ್ಟೈಲೇ ಹಾಗೆ ಸಾರ್. ದೀಪಗಳು ಚೂಪಾಗಿರುತ್ತವೆ," ಎಂದ ಮಾರಾಟದವನು.

"ಬೆಳಗಾಗೆದ್ದು ನನ್ನ ಕಾರೇ ನನ್ನನ್ನ ಗುರಾಯಿಸಿದ್ರೆ ಹೇಗಪ್ಪಾ?"

"ಮುಖ ನೋಡಿ ಏನ್ ಮಾಡ್ತೀರಿ ಮೇಷ್ಟ್ರೇ, ಡಿಕ್ಕಿ ನೋಡಿ," ಎಂದು ಎಂಜಿನಿಯರು ಟೇಪು ಬಿಚ್ಚಿದರು. ಅಳತೆ ಸರಿಯಾಗಿ ಸಿಗದೆ ಒಳಗೇ ಮಲಗಿದರು. ಪಕ್ಕದಲ್ಲಿ ನಿಂತಿದ್ದ ಭಾವಮೈದುನ ಮೈಲೇಜಿನ ಬಗ್ಗೆ ಕೇಳುತ್ತ ಮುಚ್ಚಳದ ಮೇಲೆ ಕೈಯೂರಿದ. ಅದು ಟಪ್ಪೆಂದು ಮುಚ್ಚಿಕೊಂಡಿತು. ಪ್ರದರ್ಶನದ ಕಾರಾದ್ದರಿಂದ ಬ್ಯಾಟರಿ ತೆಗೆದಿಟ್ಟಿದ್ದರು, ಗುಂಡಿ ಒತ್ತಿದರೆ ತೆರೆಯಲಿಲ್ಲ. ಕೊನೆಗೆ ಹಿಂದಿನ ಸೀಟು ಮಡಿಸಿ ಎಂಜಿನಿಯರನ್ನು ಹೊರಗೆಳೆದರು.

"ಜಾಗ ಧಾರಾಳವಾಗಿದೆ," ಎಂದರು ಅವರು, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ.

ಓಡಿಸಿ ನೋಡಲೆಂದೇ ಇಟ್ಟಿದ್ದ ಇನ್ನೊಂದು ಕಾರಿನ ಸರದಿ ಬಂತು. ಮೇಷ್ಟ್ರು ಎಡಕ್ಕೆ ತಿರುಗಲು ಹೊರಟರೆ ವೈಪರು ಆಡಿತು. ವೈಪರು ನಿಲ್ಲಿಸಲು ಹೋದರೆ ಮುಂದಿನ ಗಾಜಿಗೆ ನೀರು ಚಿಮ್ಮಿತು. ಹೆಣ್ಣು ದನಿಯೊಂದು ಎಲ್ಲಿಂದಲೋ ಬೆಲ್ಟು ಹಾಕಿಕೊಳ್ಳಿ ಎಂದಿತು. "ಹಾಕಿದ್ದೀನಮ್ಮಾ," ಎಂದು ಮೇಷ್ಟ್ರು ಉತ್ತರ ಕೊಟ್ಟರು. ಹಿಂದೆ ಕೂತ ಹೆಂಡತಿ ಕಿಟಕಿಯ ಕಡೆ ತಿರುಗಿ ನಕ್ಕರು. ಆದರೂ ಮೆತ್ತಗಿನ ಸೀಟು, ತಂಪು, ಸದ್ದಿಲ್ಲದ ಓಟ ಎಲ್ಲ ಅವರಿಗೆ ಹಿಡಿಸಿತ್ತು.

"ಇದೇ ಆಗಲಿ. ಎದುರಿನದನ್ನೂ ಒಂದು ಸಲ ನೋಡೋಣ, ಆಮೇಲೆ ಹಳೇದನ್ನ ಕೊಟ್ಟುಬಿಡಿ," ಎಂದರು ಹೆಂಡತಿ.

ಎದುರಿನದನ್ನೂ ನೋಡಿಕೊಂಡು ಮೊದಲಿನ ಷೋರೂಮಿಗೇ ವಾಪಸು ಬಂದರು. ಅಲ್ಲಿ ಹಳೆ ಕಾರುಗಳಿಗೆ ಬೆಲೆ ಕಟ್ಟುವವರು ಕನ್ನಡಕ ಹಾಕಿದ, ಮೃದು ಮಾತಿನ ಹಿರಿಯರು. ಹಂಸದ ಸುತ್ತ ಒಂದು ಸುತ್ತು ಬಂದು, ಮೇಷ್ಟ್ರು ಕೊಟ್ಟ ಕಾಗದದ ಫೈಲು ಬಿಡಿಸಿ ಕೂತರು. ಗ್ಯಾರೇಜಿನ ಒಂದು ಚೀಟಿಯನ್ನೂ ಮೇಷ್ಟ್ರು ಕಳೆದಿರಲಿಲ್ಲ.

"ಗುಜರಿ ಲೆಕ್ಕಕ್ಕೇ ತಗೋಬೇಕಾಗುತ್ತೆ ಸಾರ್," ಎಂದರು ಹಿರಿಯರು.

ಗುಜರಿ ಎಂಬ ಮಾತು ಮೇಷ್ಟ್ರ ಎದೆಗೆ ನಾಟಿತು. ಜೀವಮಾನದಲ್ಲಿ ಹೆಡ್‌ಮಾಸ್ತರರ ಎದುರೂ ದನಿಯೆತ್ತದ ಮನುಷ್ಯ ಎದ್ದು ನಿಂತರು.

"ನೋಡಿ ಇವರೇ, ಮಾರ್ಚ್ ಹದಿನಾಲ್ಕಕ್ಕೆ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದದ್ದು ಇದೇ ಕಾರಲ್ಲಿ. ದಾರಿಯುದ್ದಕ್ಕೂ ಸೈಕಲ್ಲುಗಳೆಲ್ಲ ನಮ್ಮನ್ನ ದಾಟಿಹೋದವು, ಅಷ್ಟು ನಿಧಾನ ಬಂದಿದ್ವಿ. ನಮ್ಮಪ್ಪನಿಗೆ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ, ಹಿಂದಿನ ಗಾಜು ಇಳಿಸಿಕೊಂಡು ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದ್ತಾ ಬಂದ್ರು. ಸೈಕಲ್ ಷಾಪು, ಹಲ್ಲಿನ ಡಾಕ್ಟರು, ಬಾಡಿಗೆಗೆ ಇದೆ. ಒಂದನ್ನೂ ಬಿಡಲಿಲ್ಲ. ಮನೆ ಬಂದ ಮೇಲೂ ಇನ್ನೊಂದು ಸುತ್ತು ಹಾಕಪ್ಪಾ ಅಂದ್ರು." ಮೇಷ್ಟ್ರು ಹಂಸದ ಕಡೆ ಕೈ ತೋರಿಸಿದರು. "ಇದು ಗುಜರಿಗಲ್ಲ. ನನಗೆ ಹೊಸದೇ ಬೇಡ."

ಎಂಜಿನಿಯರು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. ಭಾವಮೈದುನ ತಲೆ ತಗ್ಗಿಸಿ ಸದ್ದಿಲ್ಲದೆ ಹೊರಗೆ ಹೋದ. ಹೆಂಡತಿ ಗಂಡನನ್ನು ಒಂದು ಗಳಿಗೆ ನೋಡಿ, "ಸರಿ, ಬೇಡ," ಎಂದರು.

ಹಿರಿಯರು ಮಾತ್ರ ಫೈಲಿನ ಒಂದು ಚೀಟಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದರು.

"ಮಗಳು ಹುಟ್ಟಿದ್ದು ಯಾವ ವರ್ಷ ಅಂದ್ರಿ ಸಾರ್?"

ಮೇಷ್ಟ್ರು ಹೇಳಿದರು.

"ಆ ಮಾರ್ಚ್ ಪೂರ್ತಿ ಇದು ಗ್ಯಾರೇಜಿನಲ್ಲಿದೆಯಲ್ಲ. ಗೇರ್ ಬಾಕ್ಸ್ ಬಿಚ್ಚಿಟ್ಟಿದ್ದಾರೆ."

ಮೇಷ್ಟ್ರು ಚೀಟಿ ನೋಡಿದರು, ಹೆಂಡತಿಯನ್ನು ನೋಡಿದರು.

"ರೀ, ನಮ್ಮ ಕಾರಿನ ಹಿಂದಿನ ಗಾಜು ಯಾವತ್ತು ಇಳಿದಿದೆ?" ಎಂದರು ಹೆಂಡತಿ ಮೆಲ್ಲಗೆ. "ಮಾವನವರು ಬೋರ್ಡು ಓದಿದ್ದು ಡಬ್ಬಾದಲ್ಲಿ. ಮಗು ಬಂದಿದ್ದೂ ಡಬ್ಬಾದಲ್ಲೇ. ಬೇಕಾದಾಗೆಲ್ಲ ನಮ್ಮದು ರಿಪೇರಿಯಲ್ಲೇ ಇರ್ತಿತ್ತು, ತಮ್ಮನೇ ಬರ್ತಿದ್ದ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಕಣ್ಣು ಮುಚ್ಚಿದರು. ಅಪ್ಪನ ತೋಳಿನಾಚೆ ಕಿಟಕಿ ಕಂಡಿತು. ಕಿಟಕಿ ಚೌಕವಾಗಿತ್ತು. ಹಂಸದ ಕಿಟಕಿಗಳಿಗೆ ಚೌಕವೆಂಬುದೇ ಇರಲಿಲ್ಲ. ತಟ್ಟನೆ ಎದ್ದು ಬಾಗಿಲಿಗೆ ಓಡಿದರು. ಭಾವಮೈದುನ ರಸ್ತೆ ದಾಟಿ ವಾಪಸು ಬರುತ್ತಿದ್ದ.

"ನಿನ್ನ ಕಾರು ನನಗೆ ಕೊಡು," ಎಂದರು ಮೇಷ್ಟ್ರು, ಏದುಸಿರು ಬಿಡುತ್ತ. "ಏನು ಕೇಳಿದ್ರೂ ಕೊಡ್ತೀನಿ. ಬೇಕಾದ್ರೆ ಹಂಸವನ್ನೇ ತಗೋ."

ಭಾವಮೈದುನ ಪೆಚ್ಚಾಗಿ ನಿಂತ.

"ನಿಮ್ಮ ಮಾತು ಕೇಳಿ ನನಗೆ ನಾಚಿಕೆಯಾಯ್ತು ಭಾವ. ಇಷ್ಟು ವರ್ಷ ಓಡಿಸಿದ್ರೂ ನನ್ನ ಕಾರಿನ ಬಗ್ಗೆ ಹೇಳೋಕೆ ಅಂಥದ್ದೊಂದು ಮಾತೂ ಇಲ್ಲವಲ್ಲ ಅನ್ನಿಸ್ತು. ಎದುರಿನ ಷೋರೂಮಿಗೆ ಹೋಗಿ ಕೊಟ್ಟು, ಹೊಸದು ಬುಕ್ ಮಾಡಿ ಬಂದೆ. ಬರೋದು ಮೂರು ತಿಂಗಳಾಗುತ್ತಂತೆ. ಅಲ್ಲೀವರೆಗೂ ಎಲ್ಲಾದ್ರೂ ಹೋಗಬೇಕಾದ್ರೆ ನೀವೇ ಕರ್ಕೊಂಡು ಹೋಗಬೇಕು."

ಎದುರಿನ ಅಂಗಳದಿಂದ ಹಗ್ಗ ಕಟ್ಟಿದ ಡಬ್ಬಾವನ್ನು ಲಾರಿಯೊಂದು ಎಳೆದುಕೊಂಡು ರಸ್ತೆಗಿಳಿಯಿತು. ಹಿಂದಿನ ಗಾಜು ಪೂರ್ತಿ ಇಳಿದಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ನೋಡುತ್ತ ನಿಂತರು. ಆಮೇಲೆ ಎಲ್ಲರನ್ನೂ ಹತ್ತಿಸಿಕೊಂಡು ಚಾವಿ ತಿರುಗಿಸಿದರು. ಹಂಸ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಭಾವಮೈದುನನೂ ಎಂಜಿನಿಯರೂ ಇಳಿದು ಹಿಂದಿನಿಂದ ತಳ್ಳತೊಡಗಿದರು.

"ಭಾವ, ಬೆನ್ನಿನ ಗೆರೆ ಮಾತ್ರ ನಿಜವಾಗ್ಲೂ ಚೆನ್ನಾಗಿದೆ," ಎಂದ ಭಾವಮೈದುನ, ಅದರ ಮೇಲೆ ಎರಡೂ ಕೈಯಿಟ್ಟು. "ಹಿಡಿದು ತಳ್ಳೋಕೆ ಎಲ್ಲೂ ಸಿಗಲ್ಲ."