ಹೆಸರು ಹಾಕದ ಪ್ರಾರ್ಥನೆ

ಜಸಿಂತಮ್ಮ: ಹೆಸರು ಹೇಳಲಿಲ್ಲ ಅಂದ ತಕ್ಷಣ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?

ಮರಿಯಣ್ಣ: ನಾನು ಹೇಳಿದ್ದು ಒಬ್ಬ ಸಹೋದರಿ ಅಂತ. ನಮ್ಮ ಧರ್ಮಕೇಂದ್ರದಲ್ಲಿ ನಾನೂರು ಜನ ಸಹೋದರಿಯರಿದ್ದಾರೆ.

ಜಸಿಂತಮ್ಮ: ನಾನೂರು ಜನಾನೂ ಒಟ್ಟಿಗೆ ತಿರುಗಿ ಸೆಲೀನಮ್ಮನ್ನ ನೋಡಿದ್ರಲ್ಲ ರೀ.

ಮರಿಯಣ್ಣ: ನೋಡಿದ್ದು ಅವರ ತಪ್ಪು. ಪ್ರಾರ್ಥನೆ ಹೊತ್ತಲ್ಲಿ ಕಣ್ಣು ಮುಚ್ಕೋಬೇಕು.

ಚಾಮರಾಜಪೇಟೆಯ ಆ ಮನೆಯಲ್ಲಿ ಭಾನುವಾರದ ಕೈಮಾಗೆ ಈರುಳ್ಳಿ ಹೆಚ್ಚುವ ಕೆಲಸ ನಡೆದಿತ್ತು. ಮರಿಯಣ್ಣನವರು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಿಂದ ನಿವೃತ್ತರಾದವರು. ಸಂತ ಅನ್ನಮ್ಮನವರ ದೇವಾಲಯದ ಕನ್ನಡ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗಳನ್ನು ಬರೆದು, ಮೈಕಿನ ಮುಂದೆ ನಿಂತು ಓದುವುದು ಇಪ್ಪತ್ತೆರಡು ವರ್ಷಗಳಿಂದ ಅವರದೇ ಹಕ್ಕು. ಜಗದ್ಗುರು ಪೋಪರಿಗಾಗಿ ಒಂದು, ದೇಶದ ನಾಯಕರಿಗಾಗಿ ಒಂದು, ರೋಗಿಗಳಿಗಾಗಿ ಒಂದು. ನಾಲ್ಕನೆಯದು ಮರಿಯಣ್ಣನವರ ಸ್ವಂತದ್ದು. ಆ ದಿನದ ನಾಲ್ಕನೆಯದು ಹೀಗಿತ್ತು: "ತಮ್ಮ ಧ್ವನಿಯ ಮೇಲೆ ಅಪಾರ ವಿಶ್ವಾಸವಿಟ್ಟು, ನಿಮ್ಮ ಮಹಿಮೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರುತ್ತಿರುವ ನಮ್ಮ ಒಬ್ಬ ಸಹೋದರಿಗೆ ಮೌನದ ವರವನ್ನೂ ದಯಪಾಲಿಸಿರೆಂದು ಪ್ರಾರ್ಥಿಸೋಣ."

ಜಸಿಂತಮ್ಮ: ಅದಕ್ಕೆ ಜನ ಉತ್ತರ ಕೊಟ್ಟಿದ್ದು ನೋಡಿದ್ರಾ? "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅಂತ ಗೋಡೆ ಅದುರೋ ಹಾಗೆ. ಹಿಂದಿನ ಬೆಂಚಲ್ಲಿ ಒರಗಿ ನಿದ್ದೆ ಮಾಡೋರೂ ಎದ್ದು ಹೇಳಿದ್ರು.

ಮರಿಯಣ್ಣ: ಭಕ್ತಿ ಹೆಚ್ಚಾಯ್ತು. ಅದೂ ತಪ್ಪಾ?

ಜಸಿಂತಮ್ಮ: ಅದು ಪ್ರಾರ್ಥನೆ ಅಲ್ಲ ರೀ, ಮೂಗರ್ಜಿ. ಆಫೀಸಲ್ಲಿ ಬರ್ತಿದ್ದ ಮೂಗರ್ಜಿಗಳನ್ನೆಲ್ಲ ಮೂವತ್ತು ವರ್ಷ ಓದಿ ಓದಿ ನಿಮಗೂ ಅದೇ ಕೈಬರಹ ಬಂದಿದೆ. ಮೇಲಧಿಕಾರಿ ಮಾತ್ರ ಬೇರೆ.

ಮರಿಯಣ್ಣ: ನಾನು ಯಾವಾಗ ಹಾಗೆ ಬರೆದೆ?

ಜಸಿಂತಮ್ಮ: ಗೇಟಿಗೆ ಅಡ್ಡ ಕಾರು ನಿಲ್ಸೋರಿಗೆ ವಿವೇಕ ಕೊಡಿ ಅಂತ ಬರೆದಿದ್ದು ಯಾರು? ಪಾಲನಾ ಸಮಿತೀಲಿ ಒಂದೇ ಕುರ್ಚೀಲಿ ಹತ್ತು ವರ್ಷ ಕೂತಿರೋರಿಗೆ ವೈರಾಗ್ಯ ಕೊಡಿ ಅಂದೋರು ಯಾರು? ಹೋದ ವರ್ಷ ಫಾದರ್ ಅಭಿನಂದನ್ ಅವರಿಗೆ ಸಂಕ್ಷಿಪ್ತತೆಯ ವರ ಕೇಳಿದ್ರಲ್ಲ.

ಮರಿಯಣ್ಣ: ಅದು ಫಲಿಸಲಿಲ್ಲ ಬಿಡು.

ಜಸಿಂತಮ್ಮ: ಫಲಿಸೋದೇನು, ಮುಂದಿನ ಭಾನುವಾರ ಸಂಕ್ಷಿಪ್ತತೆ ಬಗ್ಗೇನೇ ನಲವತ್ತು ನಿಮಿಷ ಪ್ರಬೋಧನೆ ಕೊಟ್ರು. ಈಗ ಸೆಲೀನಮ್ಮ. ಪರಮಪ್ರಸಾದ ಕೂಡ ತಗೊಳ್ದೆ ಪಕ್ಕದ ಬಾಗಿಲಿಂದ ಕಣ್ಣೊರೆಸ್ಕೊಂಡು ಹೋದ್ರು, ನಾನು ನೋಡಿದೆ. ನಾಳೆ ಸಾಯಂಕಾಲ ಅನ್ನಮ್ಮನವರ ಹಬ್ಬದ ನೊವೆನಾ ಶುರು. ಒಂಬತ್ತು ದಿನ ಯಾರು ಹಾಡ್ತಾರೆ?

ಮರಿಯಣ್ಣ: ಗಾನವೃಂದದಲ್ಲಿ ಹದಿನಾಲ್ಕು ಜನ ಇದ್ದಾರೆ. ಮಿಕ್ಕ ಹದಿಮೂರು ಜನಕ್ಕೂ ದೇವರು ಗಂಟಲು ಕೊಟ್ಟಿದ್ದಾನೆ. ಆಯಮ್ಮ ಇರೋವರೆಗೂ ಅದು ದೇವರಿಗೂ ಗೊತ್ತಾಗಲ್ಲ.

ಜಸಿಂತಮ್ಮ: ಎದ್ದು ಶರ್ಟ್ ಹಾಕ್ಕೊಳ್ಳಿ. ಓಕಳಿಪುರಂಗೆ ಹೋಗಿ ಕ್ಷಮೆ ಕೇಳ್ಕೊಂಡು ಬನ್ನಿ.

ಮರಿಯಣ್ಣ: ಪ್ರಾರ್ಥನೆ ಮಾಡಿದ್ದಕ್ಕೆ ಕ್ಷಮೆ ಕೇಳೋದಾ? ನಾನು ಕೇಳಿದ್ದು ದೇವರನ್ನ. ಕೊಡೋದು ಬಿಡೋದು ಅವರಿಷ್ಟ.

ಜಸಿಂತಮ್ಮ: ನನಗೆ ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ಗಂಜಿ ತಂದ್ಕೊಟ್ಟ ಹೆಂಗಸು ರೀ ಆಕೆ. ನೀವು ಆಗ ಏನ್ ಮಾಡ್ತಿದ್ರಿ?

ಮರಿಯಣ್ಣ: ಪ್ರಾರ್ಥನೆ ಬರೀತಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ಇಳಿದದ್ದು ಸೆಲೀನಮ್ಮನವರೇ. ಕಾರ್ಪೊರೇಷನ್ ಶಾಲೆಯಲ್ಲಿ ಮೂವತ್ತಾರು ವರ್ಷ ಕನ್ನಡ ಕಲಿಸಿದವರು. ಎಪ್ಪತ್ತೊಂದರಲ್ಲೂ ಬೆನ್ನು ನೆಟ್ಟಗಿತ್ತು, ಕಣ್ಣು ಮಾತ್ರ ಅತ್ತು ಕೆಂಪಾಗಿತ್ತು. ಮರಿಯಣ್ಣನವರು ಹಿತ್ತಲಿಗೆ ಹೋಗಲು ಎದ್ದರು. ಜಸಿಂತಮ್ಮ ಈಳಿಗೆಮಣೆಯನ್ನು ಎಳೆದು ಹಿತ್ತಲ ಬಾಗಿಲಿಗೆ ಅಡ್ಡ ಕುಳಿತರು.

ಜಸಿಂತಮ್ಮ: ಸ್ತೋತ್ರ ಸೆಲೀನಮ್ಮ, ಬನ್ನಿ. ಇವರೇ ನಿಮ್ಮ ಮನೆಗೆ ಹೊರಟಿದ್ರು.

ಸೆಲೀನಮ್ಮ: ಸ್ತೋತ್ರ. ಮರಿಯಣ್ಣನವರೇ, ನೇರವಾಗಿ ಕೇಳ್ತೀನಿ, ಮುಚ್ಚಿಡಬೇಡಿ. ಇದನ್ನ ಯಾವಾಗಿಂದ ಮನಸ್ಸಲ್ಲಿಟ್ಕೊಂಡಿದ್ರಿ?

ಮರಿಯಣ್ಣ: ಈಸ್ಟರ್‌ನಿಂದ.

ಸೆಲೀನಮ್ಮ: ಈಸ್ಟರ್‌ನಿಂದ. ಅಂದ್ರೆ ಆಗ್ಲೇ ನಿಮಗೆ ಗೊತ್ತಿತ್ತು.

ಮರಿಯಣ್ಣ: ಎಲ್ಲರಿಗೂ ಗೊತ್ತಿತ್ತು ಸೆಲೀನಮ್ಮ. ಹೇಳೋಕೆ ಯಾರಿಗೂ ಮನಸ್ಸು ಬರ್ತಿರ್ಲಿಲ್ಲ.

ಸೆಲೀನಮ್ಮ: ನನಗೆ ಮಾತ್ರ ಗೊತ್ತಿರ್ಲಿಲ್ಲ.

ಮರಿಯಣ್ಣ: ಅದು ಹಾಗೇನೇ. ಇರೋರಿಗೆ ತಿಳಿಯಲ್ಲ, ಪಕ್ಕದಲ್ಲಿ ನಿಂತೋರಿಗೆ ತಿಳಿಯುತ್ತೆ.

ಸೆಲೀನಮ್ಮ: ವಾಸಿ ಆಗೋದೇನಾ?

ಮರಿಯಣ್ಣ: ಪೂರ್ತಿ ಕಷ್ಟ. ಮನಸ್ಸು ಮಾಡಿದ್ರೆ ಸ್ವಲ್ಪ ಕಡಿಮೆ ಮಾಡ್ಕೋಬಹುದು.

ಸೆಲೀನಮ್ಮ: ನನಗಿನ್ನು ಎಷ್ಟು ದಿನ ಇದೆ ಹೇಳಿಬಿಡಿ.

ಮರಿಯಣ್ಣ: ಹಬ್ಬದವರೆಗೂ ನೀವೇ ಇರಿ. ಆಮೇಲೆ ಬೇರೆ ಯಾರನ್ನಾದ್ರೂ ನೋಡೋಣ.

ಸೆಲೀನಮ್ಮನವರು ಸೆರಗು ಕಣ್ಣಿಗೊತ್ತಿಕೊಂಡರು. ಆಕೆ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಮರಿಯಣ್ಣನವರಿಗೆ ಆಶ್ಚರ್ಯವೇ ಆಯಿತು. ಜಸಿಂತಮ್ಮನಿಗೆ ಮಾತ್ರ ಏನೋ ಸರಿಯಿಲ್ಲವೆನ್ನಿಸಿತು.

ಜಸಿಂತಮ್ಮ: ಸೆಲೀನಮ್ಮ, ಒಂದು ನಿಮಿಷ. ಇವರು ಪ್ರಾರ್ಥನೆಯಲ್ಲಿ ಏನಂದ್ರು ಅಂತ ನೀವು ಕೇಳಿಸ್ಕೊಂಡ್ರಾ?

ಸೆಲೀನಮ್ಮ: ಏನಂದ್ರಿ?

ಜಸಿಂತಮ್ಮ: ಪ್ರಾರ್ಥನೆ. ಕೇಳಿಸ್ತಾ?

ಸೆಲೀನಮ್ಮ: ಎಲ್ಲಿ ಕೇಳಿಸುತ್ತೆ. ಶುಕ್ರವಾರ ತ್ಯಾಗರಾಜನಗರದಲ್ಲಿ ಕಿವಿ ಡಾಕ್ಟರ್ ಹತ್ರ ಹೋಗಿದ್ದೆ. ಎರಡು ಕಿವೀಲೂ ಅರ್ಧಕ್ಕರ್ಧ ಹೋಗಿದೆಯಂತೆ. ಇನ್ನೂ ಏನೋ ಟೆಸ್ಟ್ ಮಾಡಿದ್ದಾರೆ, ರಿಪೋರ್ಟ್ ಬಂದಿಲ್ಲ. ಫೋನ್ ನಂಬರ್ ಕೇಳಿದ್ದಕ್ಕೆ ನಿಮ್ಮದನ್ನೂ ಕೊಟ್ಟಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಈವತ್ತು ನೋಡಿದ್ರೆ ಇಡೀ ದೇವಾಲಯ ನನ್ನ ಕಡೆ ತಿರುಗಿ ಪ್ರಾರ್ಥನೆ ಮಾಡ್ತು. ಪೂಜೇಲಿ ಒಬ್ಬರಿಗೊಬ್ಬರು ಸಮಾಧಾನ ಹೇಳೋ ಹೊತ್ತಲ್ಲಿ ನಾಲ್ಕು ಜನ ಬಂದು ಕೈ ಹಿಡ್ಕೊಂಡು ಒತ್ತಿದ್ರು. ಟೆಸ್ಟಲ್ಲಿ ದೊಡ್ಡದೇನೋ ಬಂದಿರ್ಬೇಕು, ಡಾಕ್ಟರ್ ನಿಮಗೆ ಫೋನ್ ಮಾಡಿ ಹೇಳಿರ್ಬೇಕು, ಅದಕ್ಕೇ ರೋಗಿಗಳ ಪ್ರಾರ್ಥನೇಲಿ ನನ್ನನ್ನ ಸೇರಿಸಿದಾರೆ ಅಂತ ಗೊತ್ತಾಯ್ತು. ಸಂತ ಅನ್ನಮ್ಮನವರೇ, ಇನ್ನೊಂದು ವರ್ಷ ಕೊಡಿ ಅಂತ ಕೇಳ್ಕೊಂಡು ಎದ್ದು ಬಂದ್ಬಿಟ್ಟೆ.

ಮರಿಯಣ್ಣನವರ ಮುಖಕ್ಕೆ ಜೀವ ಬಂತು. ಅವರು ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದರು. ಅದರ ಅಗತ್ಯವಿರಲಿಲ್ಲ.

ಮರಿಯಣ್ಣ: ಸುಮ್ನೆ ಹೌದು ಅಂದ್ಬಿಡೋಣ. ದೇವರೇ ದಾರಿ ತೋರಿಸಿದ್ದಾರೆ.

ಜಸಿಂತಮ್ಮ: ದೇವರ ಹೆಸರಲ್ಲಿ ಸುಳ್ಳು ಹೇಳೋದು ನಿಮಗೆ ಬಿಟ್ಟಿದ್ದು. ನನ್ನ ಕೈಲಿ ಆಗಲ್ಲ.

ಮರಿಯಣ್ಣ: ಸೆಲೀನಮ್ಮನವರೇ, ಡಾಕ್ಟರ್ ಯಾರೂ ಏನೂ ಹೇಳಿಲ್ಲ. ಸುಮ್ನೆ ನಿಮ್ಮ ಆರೋಗ್ಯಕ್ಕೆ ಅಂತ ಬರೆದೆ, ಅಷ್ಟೇ.

ಸೆಲೀನಮ್ಮ: ಬರೀ ಆರೋಗ್ಯಕ್ಕಾ? ಅದಕ್ಕೆ ಜನ ಅಷ್ಟು ಜೋರಾಗಿ ಉತ್ತರ ಕೊಟ್ರಾ? ನನಗೇ ಕೇಳಿಸ್ತು ಅಂದ್ರೆ ನೋಡಿ. ಇಷ್ಟು ವರ್ಷ ಹಾಡಿದ್ದಕ್ಕೆ ಒಬ್ರೂ ಒಂದು ಒಳ್ಳೆ ಮಾತಾಡಿರ್ಲಿಲ್ಲ. ಮನಸ್ಸಲ್ಲಿ ಇಷ್ಟು ಪ್ರೀತಿ ಇಟ್ಕೊಂಡಿದ್ರಾ? ಮರಿಯಣ್ಣನವರೇ, ಆ ಚೀಟಿ ಇದ್ರೆ ಕೊಡಿ. ನನ್ನ ಬೈಬಲ್ಲಲ್ಲಿ ಇಟ್ಕೋತೀನಿ.

ಚೀಟಿ ಮರಿಯಣ್ಣನವರ ಜೇಬಿನಲ್ಲೇ ಇತ್ತು. ಎಸೆದುಬಿಟ್ಟೆ ಎಂದರೆ ಮುಗಿಯುತ್ತಿತ್ತು. ಆದರೆ ಆಕೆ ಕೈ ಚಾಚಿ ನಿಂತಿದ್ದರು. ಕಣ್ಣಿನಲ್ಲಿ ನೀರು ಆರಿ, ಮುಖದಲ್ಲಿ ಎಳೆಯ ಹುಡುಗಿಯಂಥ ಸಂತೋಷವಿತ್ತು. ಜಸಿಂತಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಗಂಡನನ್ನೇ ನೋಡುತ್ತಿದ್ದರು. ಮರಿಯಣ್ಣನವರು ಜೇಬಿನಿಂದ ಚೀಟಿ ತೆಗೆದು, ಬೇರೆ ಕಡೆ ನೋಡುತ್ತ ಕೊಟ್ಟರು.

ಸೆಲೀನಮ್ಮನವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಒಳಗೆ ಕುಕ್ಕರು ಎರಡು ಸಲ ಕೂಗಿತು.

ಸೆಲೀನಮ್ಮ: 'ಧ್ವನಿ'ಗೆ ಮಹಾಪ್ರಾಣ ಬೇಕು. ನೀವು ಅಲ್ಪಪ್ರಾಣ ಬರೆದಿದೀರ.

ಮರಿಯಣ್ಣ: ತಪ್ಪಾಯ್ತು.

ಸೆಲೀನಮ್ಮ: ಯಾವುದು, ಅಕ್ಷರನಾ?

ಮರಿಯಣ್ಣ: ಎಲ್ಲಾನೂ.

ಸೆಲೀನಮ್ಮ: ವಾರಕ್ಕೆ ಮೂರು ದಿನ ಈ ಮನೇಲಿ ಕಾಫಿ ಕುಡಿದು ಹೋಗ್ತೀನಿ. ಸೆಲೀನಾ, ಸ್ವಲ್ಪ ಮೆಲ್ಲಗೆ ಹಾಡು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?

ಮರಿಯಣ್ಣ: ನಿಮ್ಮೆದುರು ಹೇಳೋಕೆ ಭಯ.

ಸೆಲೀನಮ್ಮ: ದೇವರೆದುರು ಭಯ ಆಗ್ಲಿಲ್ಲ.

ಮರಿಯಣ್ಣ: ದೇವರು ತಿರುಗಿ ಮಾತಾಡಲ್ಲ.

ಜಸಿಂತಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆಲೀನಮ್ಮನವರು ನಗಲಿಲ್ಲ. ಚೀಟಿಯನ್ನು ಮಡಿಸಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

ಸೆಲೀನಮ್ಮ: ನನ್ನ ದನಿ ನನಗೇ ಕೇಳಿಸಲ್ಲ. ಅದಕ್ಕೇ ಏರಿಸ್ತೀನಿ. ಏರ್ತಿದೆ ಅಂತಾನೂ ಗೊತ್ತಾಗಲ್ಲ. ನಾಳೆಯಿಂದ ನೀವು ನನ್ನ ಪಕ್ಕ ನಿಂತ್ಕೊಳ್ಳಿ. ಜಾಸ್ತಿ ಆದಾಗ ಮೊಣಕೈ ಮುಟ್ಟಿ. ತಗ್ಗಿಸ್ತೀನಿ.

ಮರಿಯಣ್ಣ: ನಾನು ಗಾನವೃಂದದಲ್ಲಾ? ಆ ಕಡೆ ಎಲ್ಲ ಹೆಂಗಸರೇ ಇರೋದು.

ಸೆಲೀನಮ್ಮ: ಒಬ್ಬ ಸಹೋದರ ಇದ್ರೆ ಪರವಾಗಿಲ್ಲ. ಇಲ್ಲಾಂದ್ರೆ ಹೇಳಿ, ಈ ಚೀಟೀನ ಫಾದರ್‌ಗೆ ತೋರಿಸಿ ಅರ್ಥ ಕೇಳ್ತೀನಿ. ಅವರು ನಲವತ್ತು ನಿಮಿಷ ಹೇಳ್ತಾರೆ.

ಜಸಿಂತಮ್ಮ: ಬರ್ತಾರೆ ಬಿಡಿ, ನಾನೇ ಕಳಿಸ್ತೀನಿ. ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ.

ಮಾರನೆಯ ಸಂಜೆ ಸಂತ ಅನ್ನಮ್ಮನವರ ನೊವೆನಾ ಶುರುವಾಯಿತು. ದೇವಾಲಯ ತುಂಬಿತ್ತು. ಬಸವನಗುಡಿಯಿಂದ ಮೇಣದಬತ್ತಿ ಹಚ್ಚಲು ಪ್ರತಿವರ್ಷ ಬರುವ ಕಲ್ಯಾಣಮ್ಮನವರೂ ಮುಂದಿನ ಸಾಲಿನಲ್ಲಿದ್ದರು. ಹದಿನಾಲ್ಕು ಹೆಂಗಸರ ನಡುವೆ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಿಂತ ಮರಿಯಣ್ಣನವರನ್ನು ಜನ ಕಣ್ಣು ಮುಚ್ಚದೆ ನೋಡಿದರು.

ಪ್ರವೇಶ ಗೀತೆಯ ಮೊದಲ ಸಾಲಿಗೇ ಸೆಲೀನಮ್ಮನವರ ದನಿ ತಾರಸಿಗೆ ತಗುಲಿತು. ಮರಿಯಣ್ಣನವರು ಮೊಣಕೈ ಮುಟ್ಟಿದರು. ಆಕೆ ಕೊಟ್ಟ ಮಾತಿನಂತೆ ತಗ್ಗಿಸಿದರು. ಇನ್ನೊಮ್ಮೆ ಮುಟ್ಟಿದರು, ಇನ್ನೂ ತಗ್ಗಿಸಿದರು.

ಆಗ ಮಿಕ್ಕ ಹದಿಮೂರು ಜನರ ಹಾಡು ಮೊದಲ ಬಾರಿಗೆ ಎಲ್ಲರಿಗೂ ಕೇಳಿಸಿತು. ಐದು ಜನ ಎರಡನೆಯ ಚರಣದಲ್ಲಿದ್ದರು, ಮೂವರು ಪಲ್ಲವಿಯಲ್ಲಿ. ಉಳಿದ ಐವರು ಬಾಯಿ ಮಾತ್ರ ಆಡಿಸುತ್ತಿದ್ದರು. ಕೀಬೋರ್ಡು ನುಡಿಸುವವರು ಯಾರನ್ನು ಹಿಂಬಾಲಿಸುವುದೆಂದು ತಿಳಿಯದೆ ಕೈ ತೆಗೆದರು. ಹಾಡು ಅಲ್ಲಲ್ಲೇ ಉದುರಿ, ಪೂರ್ತಿ ನಿಂತೇಹೋಯಿತು. ಬಲಿಪೀಠದ ಬಳಿ ಫಾದರ್ ಅಭಿನಂದನ್ ಧೂಪ ಹಿಡಿದು ಹಾಗೇ ನಿಂತರು. ಇಷ್ಟು ವರ್ಷ ಆ ಇಡೀ ದೇವಾಲಯ ಒಂದೇ ಗಂಟಲನ್ನು ಹಿಡಿದುಕೊಂಡು ನಡೆದು ಬಂದಿತ್ತು. ಅದನ್ನೇ ಬೈಯುತ್ತಲೂ ಬಂದಿತ್ತು.

ಮರಿಯಣ್ಣನವರು ಮೂರನೆಯ ಸಲ ಮೊಣಕೈ ಮುಟ್ಟಿದರು.

ಸೆಲೀನಮ್ಮ: ಇನ್ನೂ ತಗ್ಗಿಸ್ಬೇಕಾ?

ಮರಿಯಣ್ಣ: ಇಲ್ಲ, ಇಲ್ಲ. ಏರಿಸಿ.

ಸೆಲೀನಮ್ಮ: ಏನಂದ್ರಿ?

ಮರಿಯಣ್ಣ: ಜೋರಾಗಿ ಹಾಡಿ.

ಸೆಲೀನಮ್ಮ: ಕೇಳಿಸ್ತಿಲ್ಲ, ಸರಿಯಾಗಿ ಹೇಳಿ.

ಮರಿಯಣ್ಣನವರು ಸುತ್ತ ನೋಡಿದರು. ನೂರಾರು ಜನ ಇವರನ್ನೇ ಕಾಯುತ್ತಿದ್ದರು. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು.

ಮರಿಯಣ್ಣ: ಸೆಲೀನಮ್ಮನವರೇ, ನಿಮ್ಮ ದಮ್ಮಯ್ಯ, ಮೊದಲಿನ ಹಾಗೆ ಗಟ್ಟಿಯಾಗಿ ಹಾಡಿ!

ಆ ಕೂಗಿಗೆ ಕಲ್ಯಾಣಮ್ಮನವರ ಕೈಯ ಮೇಣದಬತ್ತಿ ಆರಿತು. ಸೆಲೀನಮ್ಮನವರು ಪುಸ್ತಕದ ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು, ತರಗತಿಯ ಹಿಂದಿನ ಬೆಂಚಿಗೆ ಹೇಳುವಂತೆ ಹೇಳಿದರು.

ಸೆಲೀನಮ್ಮ: ಹಾಡ್ತೀನಿ. ನೀವು ಹಾಗೆ ಕಿರುಚಬೇಡಿ ಮರಿಯಣ್ಣನವರೇ, ಇದು ದೇವಾಲಯ.